ಎಣ್ಣೆ ಕುಡಿಯದ ಲಾಠಿ

ಗಿಳಿ ಎಂಬ ಅಡ್ಡಹೆಸರಿನ ಜೊತೆಗಾರ ಹಿತ್ತಿಲಿನ ನಲ್ಲಿಯಲ್ಲಿ ಕೈ ತೊಳೆದು, ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಬಂದು, ಚೀಟಿ ಬರೆದಾಯಿತೇ ಎಂದು ಕೇಳಿದ.

ವಿಚಾರಣಾಧಿಕಾರಿ ಠಾಣೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು, ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು ಬರೆಯುತ್ತಿದ್ದಳು. ಎರಡೇ ಸಾಲು. ಈ ಚೀಟಿ ತಂದವರ ಜೊತೆ ನಿನ್ನ ತಮ್ಮನನ್ನು ಕಳಿಸು, ಸಂಜೆಯೊಳಗೆ ನಾನೇ ಕರೆತಂದು ಬಿಡುತ್ತೇನೆ. ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡಳು.

ಉಣ್ಣೆ ಕತ್ತರಿಸುವವನ ಹೆಣ ನಾಲೆಯಲ್ಲಿ ಸಿಕ್ಕಿ ಇವತ್ತಿಗೆ ಒಂಬತ್ತು ದಿನ. ಕುರಿ ಕಳವಿನ ಅನುಮಾನದ ಮೇಲೆ ಹಿಡಿದು ತಂದಿದ್ದೆವು, ಬೆಳಿಗ್ಗೆ ಹತ್ತಕ್ಕೆ ಬಿಟ್ಟು ಕಳಿಸಿದೆವು, ತನ್ನ ಕಾಲ ಮೇಲೆ ತಾನೇ ನಡೆದು ಹೋದ ಎಂದು ಠಾಣೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದರು. ಇಲ್ಲ, ಅಣ್ಣ ಹೊರಗೆ ಬರಲೇ ಇಲ್ಲ ಎಂದು ಹೇಳಬಲ್ಲವನು ಒಬ್ಬನಿದ್ದ. ಪಕ್ಕದ ಕೋಣೆಯಲ್ಲಿ ಕೂಡಿಹಾಕಿದ್ದ ಅವನ ತಮ್ಮ. ಆ ತಮ್ಮ ಬಿಡುಗಡೆಯಾದ ದಿನವೇ ತಲೆತಪ್ಪಿಸಿಕೊಂಡು, ಲಗ್ನವಾಗಿ ಬೇರೆ ಊರಿನಲ್ಲಿದ್ದ ಅಕ್ಕನ ಮನೆ ಸೇರಿದ್ದ.

ಮೂರು ದಿನದ ಹಿಂದೆ ವಿಚಾರಣಾಧಿಕಾರಿ ಅಲ್ಲಿಗೆ ಒಬ್ಬಳೇ ಹೋಗಿದ್ದಳು. ಆ ಅಕ್ಕ ಬಾಗಿಲಿಗೆ ಅಡ್ಡ ನಿಂತು, ನೀವೂ ಹಾಕಿರುವುದು ಅದೇ ಬಟ್ಟೆ, ನಿಮ್ಮನ್ನು ಹೇಗೆ ನಂಬಲಿ ಎಂದು ಕೇಳಿದ್ದಳು. ಅಧಿಕಾರಿ ತನ್ನ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ತನ್ನ ಫೋನ್ ನಂಬರು, ವಿಳಾಸ ಬರೆದು ಕೊಟ್ಟಿದ್ದಳು. "ಈ ಅಕ್ಷರ ನೋಡಿಟ್ಕೋ. ಇದೇ ಅಕ್ಷರದ ಚೀಟಿ ತಂದವರ ಜೊತೆ ಮಾತ್ರ ಕಳಿಸು. ಬೇರೆ ಯಾರೇ ಬರಲಿ, ಎಷ್ಟೇ ದೊಡ್ಡವರು ಬರಲಿ, ಇಲ್ಲಿಲ್ಲ ಅನ್ನು." ಅಕ್ಕ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಿದ್ದಳು.

ಇವತ್ತು ಸಂಜೆ ನಾಲ್ಕಕ್ಕೆ ಕಾಗದಪತ್ರಗಳು ಮೇಲಿನ ಕಚೇರಿಗೆ ಹೋಗಬೇಕು. ತಮ್ಮನ ಹೇಳಿಕೆ ಇಲ್ಲದೆ ಹೋದರೆ ಕಾಲು ಜಾರಿ ನೀರಿಗೆ ಬಿದ್ದು ಸತ್ತ ಎಂದು ಬರೆದು ಕಡತ ಕಟ್ಟಿಬಿಡುತ್ತಾರೆ. ತಾನೇ ಹೋಗಿ ಕರೆತರುವುದು ಅವಳ ಮನಸ್ಸಿನಲ್ಲಿತ್ತು. ಆದರೆ ಠಾಣೆಯ ಇನ್‌ಸ್ಪೆಕ್ಟರು ಇವತ್ತು ಸಾಕ್ಷಿ ಹೇಳಲು ನ್ಯಾಯಾಲಯಕ್ಕೆ ಹೋಗಿದ್ದ. ಅವನು ಬೆನ್ನ ಹಿಂದೆ ನಿಲ್ಲದೆ ಠಾಣೆ ನೋಡುವುದಕ್ಕೆ ಸಿಕ್ಕಿದ್ದು ಇದೊಂದೇ ದಿನ.

"ನೀನಿಲ್ಲಿ ನೋಡು, ನಾನಲ್ಲಿಗೆ ಹೋಗ್ತೀನಿ" ಎಂದಿದ್ದ ಗಿಳಿ. "ನನ್ನನ್ನ ನಂಬದೆ ಇನ್ಯಾರನ್ನ ನಂಬ್ತೀಯ, ಎರಡನೇ ನಂಬರೇ?"

ತರಬೇತಿ ಶಾಲೆಯಲ್ಲಿ ಅವರಿಬ್ಬರದೂ ಒಂದೇ ತಂಡ. ಕಾನೂನಿನ ಕಲಮುಗಳನ್ನೆಲ್ಲ ಉಸಿರು ಬಿಡದೆ ಒಪ್ಪಿಸುತ್ತಿದ್ದುದಕ್ಕೆ ಅವನು ಗಿಳಿಯಾದ. ಕೊನೆಯ ಪರೀಕ್ಷೆಯಲ್ಲಿ ಅವನು ಮೊದಲು, ಇವಳು ಎರಡನೆಯವಳು. ಹದಿನೆಂಟು ವರ್ಷವಾದರೂ ಅವನು ಅದನ್ನು ಅಣಕಿಸುವುದು ಬಿಟ್ಟಿರಲಿಲ್ಲ. ಪೊಲೀಸರ ಮೇಲೆ ಪೊಲೀಸರೇ ವಿಚಾರಣೆ ನಡೆಸುವ ಈ ಕೆಲಸಕ್ಕೆ ಜೊತೆ ಬನ್ನಿ ಎಂದಾಗ ಕಚೇರಿಯಲ್ಲಿ ಎಲ್ಲರಿಗೂ ಬೇರೆ ಕೆಲಸ ನೆನಪಾಗಿತ್ತು. ತಾನಾಗಿ ಬಂದವನು ಅವನೊಬ್ಬನೇ. ಬೆಳಿಗ್ಗೆ ಜೀಪಿನಲ್ಲಿ ಬರುವಾಗ, ಇಲ್ಲಿಗೆ ಬರುವುದು ಇದೇ ಮೊದಲು, ಈ ಊರಿನ ಕಡೆ ತಲೆ ಹಾಕಿ ಕೂಡ ಮಲಗಿದವನಲ್ಲ ನಾನು ಎಂದು ದಾರಿಯುದ್ದಕ್ಕೂ ಗೊಣಗಿದ್ದ.

ಇಟ್ಟಿಗೆ ಗೂಡು ದಾಟಿದ ಮೇಲೆ ಎರಡನೆಯ ಮನೆ, ಅಂಗಳದಲ್ಲಿ ಉಣ್ಣೆ ಹರವಿರುತ್ತಾರೆ ಎಂದು ಗುರುತು ಹೇಳಿ ಚೀಟಿ ಕೊಟ್ಟಳು. ಅವನು ಅದನ್ನು ಜೇಬಿಗಿಳಿಸಿ ಒಂದು ಗಳಿಗೆ ನಿಂತ. ಬಲಗೈ ಬೆರಳುಗಳು ತೊಡೆಯ ಪಕ್ಕದಲ್ಲಿ ತಾಳ ಹಾಕುತ್ತಿದ್ದವು. ಸುಮ್ಮನೆ ನಿಲ್ಲುವುದು ಅವನಿಗೆ ಎಂದೂ ಬಂದಿರಲಿಲ್ಲ.

ಜೀಪು ಹೊರಟಾಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು.

* * *

ಆಯುಧಗಳ ಕೋಣೆಯ ಬಾಗಿಲು ತಗ್ಗು. ಒಳಗೆ ಬೆಳಕು ಬರುವುದು ಸರಳು ಹಾಕಿದ ಒಂದೇ ಕಿಟಕಿಯಿಂದ. ಒಂದು ಗೋಡೆಗೆ ಸರಪಳಿ ಬಿಗಿದ ಬಂದೂಕುಗಳು, ಇನ್ನೊಂದು ಗೋಡೆಯ ಮರದ ಗೂಟಗಳಲ್ಲಿ ಹನ್ನೆರಡು ಲಾಠಿ. ಒಂದೊಂದರ ಬುಡಕ್ಕೂ ಕಾದ ಕಬ್ಬಿಣದಿಂದ ನಂಬರು ಸುಟ್ಟಿತ್ತು.

ಇವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ದಫೇದಾರ. ಮೂವತ್ತೊಂದು ವರ್ಷ ಇದೇ ಕೋಣೆಯಲ್ಲಿ ಕಳೆದಿದ್ದ ಮುದುಕ. ದೂರದ್ದು ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹತ್ತಿರದ್ದಕ್ಕೆ ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬುತ್ತಿದ್ದ. ಅವಳು ಒಳಗೆ ಬಂದಾಗ ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟ.

ಅವಳು ಕೂರಲಿಲ್ಲ. ಲಾಠಿಗಳನ್ನು ಒಂದೊಂದಾಗಿ ತೆಗೆದು ಹೆಬ್ಬೆರಳಾಡಿಸಿ ನೋಡಿದಳು. ನುಣುಪು, ಒಂದೇ ಬಣ್ಣ, ಎಲ್ಲಿಯೂ ಸೀಳಿರಲಿಲ್ಲ. ಚೆನ್ನಾಗಿ ಇಟ್ಟಿದ್ದೀರಿ ಎಂದಳು. ಮುದುಕನಿಗೆ ಹಿತವಾಯಿತು. ಪ್ರತಿ ಗುರುವಾರ ಬೆಳಿಗ್ಗೆ ಹಿತ್ತಿಲ ಬಿಸಿಲಿಗೆ ಒರಗಿಸುವುದು, ಕಾದ ಮೇಲೆ ಎಣ್ಣೆ ತಿಕ್ಕುವುದು, ನೆರಳಲ್ಲಿ ಒಂದು ಗಂಟೆ ಬಿಟ್ಟು ಒಳಗೆ ತರುವುದು, ಒಂದು ವಾರವೂ ತಪ್ಪಿದ್ದಿಲ್ಲ ಎಂದ. ತನ್ನ ಮದುವೆಯ ಗುರುವಾರವೂ ತಿಕ್ಕಿಯೇ ಹೋಗಿದ್ದನಂತೆ. ಹೆಂಡತಿ ಅದನ್ನು ಇವತ್ತಿಗೂ ಎತ್ತಿ ಆಡುತ್ತಾಳಂತೆ.

"ಅವನು ಸತ್ತಿದ್ದೂ ಗುರುವಾರ" ಎಂದಳು.

ದಫೇದಾರ ಕಿಟಕಿಯ ಕಡೆ ತಿರುಗಿದ.

ಆ ದಿನದ ಬಂಧಿಗಳ ಪುಸ್ತಕ ಮಳೆನೀರು ಬಿದ್ದು ಅಳಿಸಿಹೋಗಿದೆ ಎಂದು ಅವಳಿಗೆ ಹೇಳಿದ್ದರು. ಆ ವಾರ ಮಳೆಯೇ ಬಂದಿರಲಿಲ್ಲ. ಠಾಣೆಯ ದಿನಚರಿಯನ್ನು ಹೊಸ ಮಸಿಯಲ್ಲಿ ಮತ್ತೆ ಬರೆದಿದ್ದರು. ಆದರೆ ಈ ಕೋಣೆಯಲ್ಲಿ ಬೇರೊಂದು ಪುಸ್ತಕವಿತ್ತು. ಎಣ್ಣೆ, ಚಿಂದಿಬಟ್ಟೆ, ಬ್ರಷ್ಷು, ಬಂದೂಕಿನ ನಳಿಗೆಗೆ ಹಾಕುವ ನೂಲು, ಇಂಥ ಚಿಲ್ಲರೆ ಸಾಮಾನು ಎಷ್ಟು ಖರ್ಚಾಯಿತು ಎಂದು ದಫೇದಾರ ಬರೆದಿಡುವ ಪುಸ್ತಕ. ಅದನ್ನು ಯಾರೂ ಅವಳಿಂದ ಬಚ್ಚಿಟ್ಟಿರಲಿಲ್ಲ, ಏಕೆಂದರೆ ಅದು ಯಾರ ನೆನಪಿಗೂ ಬಂದಿರಲಿಲ್ಲ.

ಮೇಜಿನ ಮೇಲೇ ಇದ್ದ ಅದನ್ನು ತೆರೆದು, ಆ ಗುರುವಾರಕ್ಕೆ ಬಂದಳು.

'ಬೆಳಿಗ್ಗೆ ಹತ್ತೂವರೆ. ಎಣ್ಣೆ ಅರ್ಧ ಡಬ್ಬಿ. ಚಿಂದಿ ಎರಡು. ಲಾಠಿ ಹದಿಮೂರು.'

ಹದಿಮೂರರ ಮೇಲೆ ನೇರವಾಗಿ ಒಂದು ಗೆರೆ. ಅದರ ಮೇಲೆ ಬೇರೆ ಕೈಯಲ್ಲಿ 'ಹನ್ನೆರಡು'. ಪಕ್ಕದಲ್ಲಿ ಚಿಕ್ಕ ಸಹಿ, ತಾರೀಕು, ಮತ್ತು ಹೊತ್ತು: ಹನ್ನೊಂದು ನಲವತ್ತು.

ಸಹಿ ಇನ್‌ಸ್ಪೆಕ್ಟರನದು. ಆ ದಿನವೂ ಬೆಳಗ್ಗಿನಿಂದ ಮೂರು ಗಂಟೆಯವರೆಗೆ ನ್ಯಾಯಾಲಯದಲ್ಲೇ ಇದ್ದೆ, ಠಾಣೆಯಲ್ಲಿ ಏನಾಯಿತೆಂದು ಗೊತ್ತಿಲ್ಲ ಎಂದು ಅವನು ಬರೆದುಕೊಟ್ಟಿದ್ದ ಕಾಗದ ಅವಳ ಚೀಲದಲ್ಲಿತ್ತು.

ಅವಳು ಬಹಳ ಹೊತ್ತು ಆ ಗೆರೆಯನ್ನೇ ನೋಡಿದಳು. ಕೆರೆದು ಹಾಕಬಹುದಿತ್ತು, ಹಾಳೆ ಹರಿಯಬಹುದಿತ್ತು. ಹೊತ್ತು ಸಹಿತ ಬರೆದು ಯಾಕೆ ಕೊಟ್ಟ?

ಕೇಳಿದಾಗ ಮುದುಕ ತಲೆಯೆತ್ತದೆ ಹೇಳಿದ. "ತಪ್ಪಾದ್ರೆ ಕೆರೀಬಾರದು. ಒಂದೇ ಗೆರೆ ಎಳೀಬೇಕು, ಕೆಳಗಿರೋದು ಓದೋಕೆ ಬರಬೇಕು, ಮೇಲೆ ಸರಿ ಬರೆದು, ಸಹಿ ಹಾಕಿ, ಟೈಮ್ ಹಾಕಬೇಕು. ಹೊಸದಾಗಿ ಸೇರಿದವರಿಗೆಲ್ಲ ಮೊದಲನೇ ವಾರ ನಾನು ಹೇಳಿಕೊಡೋದು ಇದನ್ನೇ. ಆ ಸಾಹೇಬ್ರೂ ಹೊಸಬರಾಗಿದ್ದಾಗ ಇದೇ ಕೋಣೇಲಿ ಕಲ್ತವರು. ಅವತ್ತು ಅವರು ಬಲು ಅವಸರದಲ್ಲಿದ್ರು. ಆದ್ರೂ ಬರೆಯೋದನ್ನ ಮಾತ್ರ ಕಲಿಸಿದ ಹಾಗೇ ಬರೆದ್ರು."

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಹೊಳೆದಿರಬೇಕು. ಬಾಯಿ ಒರೆಸಿಕೊಂಡು, ನನಗೆ ಅವತ್ತು ಎಣಿಕೆ ತಪ್ಪಿತ್ತು ಮೇಡಂ, ವಯಸ್ಸಾಯ್ತು ಎಂದ.

ಅವಳು ಸ್ಟೂಲು ಎಳೆದುಕೊಂಡು ಅವನೆದುರು ಕುಳಿತಳು. ಅವನ ಎಣಿಕೆಯ ಮಾತೆತ್ತಲಿಲ್ಲ. ತನ್ನ ಅಪ್ಪ ಗುದ್ದಲಿ, ಕೊಡಲಿಗಳಿಗೆ ಮರದ ಕಾವು ಹಾಕುತ್ತಿದ್ದ, ಸುತ್ತಲಿನ ನಾಲ್ಕೂರಿನವರು ಅವನ ಹತ್ತಿರವೇ ಬರುತ್ತಿದ್ದರು ಎಂದು ಹೇಳತೊಡಗಿದಳು. ಕಾವು ಕೆತ್ತಿ ಎಣ್ಣೆ ಹಚ್ಚುವುದು ಮಕ್ಕಳ ಕೆಲಸ. ಒಮ್ಮೆ ಅವಳು ಆಟದಲ್ಲಿ ಕೆಸರಾದ ಕಾವನ್ನು ತೊಳೆದು, ಹೊರಗೆ ಒಣಗಿದಂತೆ ಕಂಡದ್ದೇ ಎಣ್ಣೆ ತಿಕ್ಕಿದಳು. ಎಣ್ಣೆ ಇಳಿಯಲೇ ಇಲ್ಲ. ಮೇಲೇ ಹನಿಹನಿಯಾಗಿ ನಿಂತಿತು. ಅಪ್ಪ ಅದನ್ನು ಮುಟ್ಟದೆ, ನಿಂತಲ್ಲಿಂದಲೇ, ತೊಳೆದೆಯಾ ಎಂದು ಕೇಳಿದ್ದ.

ದಫೇದಾರ ಈಗ ಅವಳನ್ನೇ ನೋಡುತ್ತಿದ್ದ.

"ಹದಿಮೂರರಲ್ಲಿ ಒಂದು ಎಣ್ಣೆ ಕುಡೀಲಿಲ್ಲ, ಅಲ್ವಾ ದಫೇದಾರ್ರೇ?"

ಹಿತ್ತಿಲಲ್ಲಿ ಯಾರೋ ಬಕೆಟ್ಟು ಎಳೆದ ಸದ್ದಾಯಿತು. ಮುದುಕ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕುಳಿತ. ಕೈ ಮೊಣಕಾಲ ಮೇಲೆ ಎಣ್ಣೆ ತಿಕ್ಕುವವರಂತೆ ಹಿಂದೆ ಮುಂದೆ ಹೋಗುತ್ತಿತ್ತು.

"ಅವತ್ತು ಬಾಗಿಲಲ್ಲಿ ಪಹರೆ ಇದ್ದೋನು ನನ್ನ ಅಳಿಯ" ಎಂದ ಕೊನೆಗೆ. "ಬಂಧಿ ಒಬ್ಬ, ಸುಸ್ಥಿತಿ, ಹತ್ತು ಗಂಟೆಗೆ ಬಿಡುಗಡೆ ಅಂತ ದಿನಚರೀಲಿ ಬರೆದು ಸಹಿ ಹಾಕ್ದೋನು ಅವನೇ. ಹಾಕಿಸಿದ್ದು ಬೇರೆಯವರು. ಆದ್ರೆ ಸಹಿ ಅವನದು. ನಾನು ಬಾಯಿ ಬಿಟ್ಟರೆ ಮೊದಲು ಒಳಗೆ ಹೋಗೋದು ಅವನು. ಮಗಳು ತುಂಬಿದ ಬಸುರಿ. ನಾಳೆ ಅವಳ ಮುಂದೆ ಹೋಗಿ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಅವಳು ಸಮಾಧಾನ ಹೇಳಲಿಲ್ಲ. ಬೆದರಿಸಿ ಬರೆಸಿದ್ದು ಎಂದು ಅಳಿಯ ತಾನಾಗಿ ಹೇಳಿದರೆ ಅದು ಬೇರೆ ಮಾತು, ಸಿಕ್ಕಿಬಿದ್ದ ಮೇಲೆ ಹೇಳಿದರೆ ಬೇರೆ ಮಾತು ಎಂದಷ್ಟೇ ಅಂದಳು. ಆಮೇಲೆ, ಸತ್ತವನಿಗೂ ಒಬ್ಬ ಅಕ್ಕ ಇದ್ದಾಳೆ, ಅವಳ ಮುಂದೆ ನಾನೂ ಹೋಗಿ ನಿಲ್ಲಬೇಕು ಎಂದಳು.

ಆ ಮಾತು ಅವನಿಗೆ ತಾಗಿತು. ಹೇಳಲು ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಲಿಲ್ಲ.

ಅವತ್ತು ಎಂಟೂವರೆಗೆ ಹನ್ನೆರಡನ್ನೂ ಹಿತ್ತಿಲ ಗೋಡೆಗೆ ಒರಗಿಸಿ ಒಳಗೆ ಬಂದಿದ್ದ. ಸ್ವಲ್ಪ ಹೊತ್ತಿಗೆ ಹಿಂದಿನ ಗೇಟಿನಿಂದ ಇನ್‌ಸ್ಪೆಕ್ಟರು ಬಂದ. ಜೊತೆಯಲ್ಲಿ ಒಬ್ಬ ಎತ್ತರದವನು, ಸಾದಾ ಬಟ್ಟೆಯಲ್ಲಿದ್ದ. ಕಂಡದ್ದು ಬೆನ್ನು ಮಾತ್ರ. ಇಬ್ಬರೂ ಬಂಧಿಗಳ ಕೋಣೆಯ ಕಡೆ ಹೋದರು. ಆಮೇಲೆ ಕೇಳಿಸಿದ್ದನ್ನು ದಫೇದಾರ ವಿವರಿಸಲಿಲ್ಲ. ರೇಡಿಯೋ ದೊಡ್ಡದು ಮಾಡಿಕೊಂಡೆ ಎಂದ. ಮೂವತ್ತೊಂದು ವರ್ಷದಲ್ಲಿ ಎಷ್ಟು ಸಲ ಹಾಗೆ ದೊಡ್ಡದು ಮಾಡಿಕೊಂಡಿದ್ದೇನೋ ಲೆಕ್ಕವಿಟ್ಟಿಲ್ಲ ಎಂದ. ಒಂದು ಹೊತ್ತಿನಲ್ಲಿ ಎಲ್ಲ ನಿಂತಿತು. ನಲ್ಲಿಯಲ್ಲಿ ನೀರು ಬಿದ್ದ ಸದ್ದಾಯಿತು.

ಹತ್ತೂವರೆಗೆ ಹೋಗಿ ಎಣ್ಣೆ ತಿಕ್ಕಲು ಕೂತ. ಗೋಡೆಗೆ ಒರಗಿದ್ದನ್ನು ಕೈಗೆ ಬಂದಂತೆ ತಿಕ್ಕುತ್ತ ಹೋದ. ಕೊನೆಯದಕ್ಕೆ ಎಣ್ಣೆ ಇಳಿಯಲಿಲ್ಲ. ಒತ್ತಿ ತಿಕ್ಕಿದಾಗ ಚಿಂದಿ ಕೆಂಪಗಾಯಿತು. ಆಗ ಮೊದಲಿನಿಂದ ಎಣಿಸಿದ.

"ಬರೆಯೋದು ಬಿಟ್ಟು ಬಿಡಬಹುದಿತ್ತು" ಎಂದಳು.

"ತಿಕ್ಕಿದ್ದು ಹದಿಮೂರು" ಎಂದ ಮುದುಕ, ಇದರಲ್ಲಿ ಕೇಳುವುದೇನಿದೆ ಎನ್ನುವಂತೆ. "ಹನ್ನೆರಡು ಅಂತ ಹೆಂಗೆ ಬರೀಲಿ?"

ಒಂದು ಗಂಟೆ ಕಳೆದ ಮೇಲೆ ಇನ್‌ಸ್ಪೆಕ್ಟರು ಅದನ್ನು ಹುಡುಕಿಕೊಂಡು ಕೋಣೆಗೆ ಬಂದ. ಕೋಲನ್ನು ಕಿತ್ತುಕೊಂಡವನು, ತೆರೆದಿದ್ದ ಪುಸ್ತಕವನ್ನೂ ನೋಡಿದ.

ದಫೇದಾರ ಬಗ್ಗಿ, ಬಂದೂಕು ತೊಳೆಯುವ ಸಾಮಾನಿನ ಪೆಟ್ಟಿಗೆ ಎಳೆದು, ತಳದಿಂದ ಒಂದು ತಗಡಿನ ಡಬ್ಬಿ ತೆಗೆದ. ಒಳಗೆ ಮುದುಡಿದ ಚಿಂದಿಯಿತ್ತು, ಎಣ್ಣೆಯಲ್ಲಿ ತೊಯ್ದು, ತುಕ್ಕಿನ ಬಣ್ಣಕ್ಕೆ ತಿರುಗಿ. ಅವಳು ಅದನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಹತ್ತೂ ಬೆರಳು ಎಣ್ಣೆಯಾದವು. ಕಲೆಗೆ ಒಂದೆರಡು ಎಳೆ ಅಂಟಿಕೊಂಡಿದ್ದವು, ಕೂದಲಿಗಿಂತ ಗುಂಗುರು. ಕುರಿಯ ಉಣ್ಣೆ. ಕತ್ತರಿಸುವವರ ಮೈಮೇಲೆ ಅದು ಸದಾ ಇರುತ್ತದೆ, ಸ್ನಾನ ಮಾಡಿದರೂ ಹೋಗುವುದಿಲ್ಲ.

ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ಅವಳ ಕೈಗೆ ಗಟ್ಟಿಯಾದದ್ದೊಂದು ಸಿಕ್ಕಿತ್ತು. ಇದು, ಜೊತೆಗೆ ಆ ತಮ್ಮನ ಬಾಯಿಮಾತು. ನಾಲ್ಕು ಗಂಟೆಗೆ ಇಷ್ಟು ಸಾಕು.

ಚಿಂದಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತ, ಆ ಕೋಲು ಹೇಗಿತ್ತು ಎಂದು ಕೇಳಿದಳು. ಇದೇ ಠಾಣೆಯದಾದರೆ ನಂಬರು ಇರಬೇಕಲ್ಲ.

"ನಮ್ಮದಲ್ಲ ಅಮ್ಮಾ. ಸಾದಾ ಪೇದೆ ಹಿಡಿಯೋ ಕೋಲೇ ಅಲ್ಲ ಅದು." ಮುದುಕ ಕಣ್ಣು ಮುಚ್ಚಿಕೊಂಡು, ಕೋಲು ಕೈಯಲ್ಲೇ ಇರುವಂತೆ ಬೆರಳು ಜರುಗಿಸಿದ. "ಇವಕ್ಕಿಂತ ಒಂದು ಮೊಳ ಗಿಡ್ಡ. ಕರಿ ಮರ, ಗಂಟಿಲ್ಲ. ತುದಿಗೆ ಹಿತ್ತಾಳೆ ಟೋಪಿ. ಟೋಪಿ ಮೇಲೆ ಏನೋ ಅಕ್ಷರ ಕೊರೆದಿತ್ತು. ಒಂದು ಕಡೆ ತಗ್ಗಾಗಿತ್ತು, ಕಲ್ಲಿನ ಮೇಲೆ ಬಿದ್ದ ಹಾಗೆ."

ಅವಳ ಕೈ ಮುಚ್ಚಳದ ಮೇಲೆ ನಿಂತಿತು.

ಅಂಥ ಕೋಲು ಅಂಗಡಿಯಲ್ಲಿ ಸಿಗುವುದಿಲ್ಲ. ತರಬೇತಿ ಶಾಲೆಯಲ್ಲಿ ವರ್ಷಕ್ಕೊಬ್ಬರಿಗೆ, ಮೊದಲು ಬಂದವರಿಗೆ, ಕೊನೆಯ ಕವಾಯತಿನ ದಿನ ಕೊಡುತ್ತಾರೆ. ಅಂಥದೊಂದರ ಮೇಲೆ ಅವಳಿಗೆ ಒಂದು ವರ್ಷವಿಡೀ ಆಸೆಯಿತ್ತು. ಕೊಟ್ಟ ದಿನ ಗಿಳಿ ಅದನ್ನು ಮೇಲಕ್ಕೆಸೆದು ಹಿಡಿಯಲು ಹೋಗಿ ತಪ್ಪಿದ್ದ. ಕೋಲು ಕಲ್ಲಿನ ಮೆಟ್ಟಿಲ ಮೇಲೆ ತಲೆಕೆಳಗಾಗಿ ಬಿದ್ದಿತ್ತು. ಎತ್ತಿಕೊಟ್ಟವಳು ಅವಳೇ. ನೋಡು, ಮೊದಲನೇ ದಿನವೇ ಮೂಗು ಚಪ್ಪಟೆ ಮಾಡಿದೆ ಎಂದು ನಕ್ಕಿದ್ದಳು.

ಹದಿನೆಂಟು ವರ್ಷ ಅದು ಅವನ ಕೈ ಬಿಟ್ಟಿರಲಿಲ್ಲ. ಈ ಒಂಬತ್ತು ದಿನದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಬೆರಳುಗಳು ಮಾತ್ರ ಅದನ್ನು ಹುಡುಕುತ್ತಿದ್ದವು.

ಹಿತ್ತಾಳೆ ಯಾರದ್ದೂ ತಗ್ಗಾಗಬಹುದು ಎಂದುಕೊಂಡಳು. ವರ್ಷಕ್ಕೊಂದರಂತೆ ಎಷ್ಟೋ ಕೋಲುಗಳಿವೆ. ಎತ್ತರದವರೂ ಎಷ್ಟೋ ಜನ ಇದ್ದಾರೆ. ಡಬ್ಬಿಯನ್ನು ಚೀಲಕ್ಕೆ ಹಾಕಿ ಹಿತ್ತಿಲಿಗೆ ನಡೆದಳು. ಫೋನು ಮುಟ್ಟಬೇಕಾದರೆ ಕೈಯ ಎಣ್ಣೆ ತೊಳೆಯಬೇಕಿತ್ತು.

ನಲ್ಲಿ ತಿರುಗಿಸಿದಳು. ನೀರು ಬರಲಿಲ್ಲ. ಇನ್ನಷ್ಟು ಬಲವಾಗಿ ತಿರುಗಿಸಿದಳು. ನಲ್ಲಿ ಕಚ್ಚಿಕೊಂಡಿತು.

ಬಕೆಟ್ಟು ಹಿಡಿದು ನಿಂತಿದ್ದ ಯುವಕ ಪೇದೆ ಹತ್ತಿರ ಬಂದ. ಮುಖ ನೋಡಿದರೆ ನಾಲ್ಕು ದಿನದಿಂದ ನಿದ್ದೆಯಿಲ್ಲದವನು. ದಫೇದಾರನ ಅಳಿಯ ಇವನೇ ಇರಬೇಕು.

"ಇದು ಉಲ್ಟಾ ಮೇಡಂ, ಬಲಕ್ಕೆ ತಿರುಗಿಸಬೇಕು" ಎಂದ. "ಹೊಸಬರೆಲ್ಲ ಹಿಂಗೇ ಎಡಕ್ಕೆ ತಿರುಗಿಸಿ, ನೀರಿಲ್ಲ ಅಂತ ಬಯ್ಕೊಂಡು ಹೋಗ್ತಾರೆ."

"ಎಲ್ಲರೂ?"

"ಮೊದಲನೇ ಸಲ ಎಲ್ಲರೂ."

ಬಲಕ್ಕೆ ತಿರುಗಿಸಿದಳು. ನೀರು ಧಾರೆಯಾಗಿ ಎಣ್ಣೆಯ ಮೇಲೆ ಜಾರಿ ಬಿತ್ತು. ಬೆಳಿಗ್ಗೆ ಅವಳು ಮೆಟ್ಟಿಲ ಮೇಲೆ ಕೂತು ಚೀಟಿ ಬರೆಯುವಾಗ ಬೆನ್ನ ಹಿಂದೆ ನೀರು ಬಿದ್ದ ಸದ್ದು ಕೇಳಿಸಿತ್ತು. ಒಂದೇ ಸಲಕ್ಕೆ. ನಡುವೆ ತಡವರಿಕೆಯಿಲ್ಲ, ಬೈಗುಳವಿಲ್ಲ. ಕರವಸ್ತ್ರದಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಬಂದಿದ್ದ, ಈ ಊರಿನ ಕಡೆ ತಲೆ ಹಾಕಿ ಕೂಡ ಮಲಗದವನು.

ನಲ್ಲಿ ನಿಲ್ಲಿಸುವುದು ಅವಳಿಗೆ ನೆನಪಾಗಲಿಲ್ಲ. ಕೈಯನ್ನು ಪ್ಯಾಂಟಿಗೇ ಒರೆಸಿಕೊಂಡು ಗಿಳಿಗೆ ಫೋನು ಮಾಡಿದಳು. ಎರಡು ಸಲ ರಿಂಗಾಗಿ, ಆ ಕಡೆಯಿಂದ ಕತ್ತರಿಸಿದರು. ಮತ್ತೆ ಮಾಡಿದಾಗ ಸ್ವಿಚ್ ಆಫ್ ಆಗಿತ್ತು.

ಅಕ್ಕನ ನಂಬರು ಒತ್ತಿದಳು. ಬೆರಳು ಎರಡು ಬಾರಿ ಜಾರಿತು. ಗಂಟೆ ಒಂದಾಗಲು ಹತ್ತು ನಿಮಿಷವಿತ್ತು. ಜೀಪಿಗೆ ಅಲ್ಲಿಗೆ ಒಂದು ಗಂಟೆಯ ದಾರಿ.

ಆ ಕಡೆಯ ದನಿಯಲ್ಲಿ ಭಯವಿರಲಿಲ್ಲ. ಇಷ್ಟು ದಿನಗಳಲ್ಲಿ ಮೊದಲ ಸಲ ಹಗುರವಾಗಿತ್ತು. "ಬಂದಿದ್ರಮ್ಮ ನಿಮ್ಮೋರು. ಚೀಟಿ ಕೊಟ್ಟರು. ನೀವು ಬರೆದ ಹಾಳೆ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ನೋಡ್ದೆ. ನಿಮ್ಮದೇ. ಅವನು ಹೋಗಲ್ಲ ಅಂತ ಹಟ ಹಿಡಿದ, ನಾನೇ ಬೈದು ಹತ್ತಿಸಿದೆ. ಒಂದು ಲೋಟ ನೀರೂ ಕುಡಿಯೋಕೆ ಬಿಡಲಿಲ್ಲ, ಹೊತ್ತಾಗುತ್ತೆ ಅಂತ ಹೊರಟೇಬಿಟ್ರು."

"ಎಷ್ಟು ಹೊತ್ತಾಯ್ತು?"

"ಈಗ ತಾನೇ, ಧೂಳೂ ಅಡಗಿಲ್ಲ."

"ಜೀಪು ಯಾವ ಕಡೆ ತಿರುಗಿತು?"

ಅಕ್ಕ ಅಂಗಳಕ್ಕೆ ಬಂದು ನೋಡುತ್ತಿದ್ದಾಳೆಂದು ಉಸಿರಿನಿಂದ ತಿಳಿಯುತ್ತಿತ್ತು.

"ದೊಡ್ಡ ರಸ್ತೆಗೆ ಹೋಗಲಿಲ್ಲಮ್ಮ" ಎಂದಳು. "ಏರಿ ದಾರಿ ಹಿಡಿದ್ರು. ನಾಲೆ ಕಡೆ." ಆಮೇಲೆ, ನಿಧಾನವಾಗಿ, "ಯಾಕಮ್ಮ, ನೀವೇ ಅಲ್ವಾ ಕಳಿಸಿದ್ದು?"